ಅತ್ತಿಗೆ ಕೇಳಿದ ನವಣೆ ಅನ್ನ

ಬಿಸಿ ನವಣೆ ಅನ್ನಕ್ಕೆ ಒಂದು ವಾಸನೆಯಿದೆ, ನೀವು ಬಲ್ಲಿರೋ ಇಲ್ಲವೋ. ಒಣಹುಲ್ಲಿನ ಮೆದೆಯ ಪಕ್ಕ ಕುಳಿತ ಹಾಗಿರುತ್ತದೆ. ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗ ಅದೇ ವಾಸನೆ ಬಂತು. ತಿಪಟೂರಿನಲ್ಲಿ ನನ್ನದೊಂದು ಬೇಕರಿ. ಅರ್ಧ ಆಯಸ್ಸು ಬ್ರೆಡ್ಡು ಬೇಯಿಸಿದವನಿಗೆ ಈಗ ಸಕ್ಕರೆ ಕಾಯಿಲೆ. "ಬ್ರೆಡ್ಡು, ಬನ್ನು ಬಿಡಿ. ನವಣೆ, ಸಾಮೆ, ರಾಗಿ, ಕಾಳು ಹದವಾಗಿ ತಿನ್ನಿ" ಎಂದರು ಡಾಕ್ಟರು. ಬೇಕರಿಯವನಿಗೆ ಈ ಮಾತು ಹೇಳುವಾಗ ಅವರಿಗೂ ನಗು ಬಂತು, ನಾನೂ ನಕ್ಕೆ. ಡಬ್ಬಿ ತೆಗೆದ ಮೇಲೆ ಮಾತ್ರ ನಗಲಾಗಲಿಲ್ಲ. ಅತ್ತಿಗೆ ನೆನಪಾದರು.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಅವ್ವ ಬೇಗ ತೀರಿಕೊಂಡಿದ್ದರಿಂದ ಹೊನ್ನವಳ್ಳಿಯ ಮನೆಯಲ್ಲಿ ನನ್ನನ್ನು ಸಾಕಿದವರು ಅವರೇ. ತೋಟದಾಚೆಯ ತುಂಡು ಹೊಲದಲ್ಲಿ ನವಣೆ ಬಿತ್ತಿಸುತ್ತಿದ್ದರು. ಕೊಬ್ಬರಿ ಒಡೆಸಿದ ದಿನ ಚಿಪ್ಪಿನ ಕೆಂಡದಲ್ಲಿ ಗೆಣಸು ಹುಗಿದಿಟ್ಟು, ನಾನು ಸ್ಕೂಲಿನಿಂದ ಬಂದಾಗ ಬೂದಿ ಕೊಡವಿ ಕೊಡುತ್ತಿದ್ದರು. ನನಗೋ ನಾಚಿಕೆ. ಪೇಟೆಯವರೆಲ್ಲ ಬನ್ನು ತಿನ್ನುವಾಗ ನನಗೇಕೆ ಗೆಣಸು? ಮುಂದೆ ಬೇಕರಿ ಕೆಲಸಕ್ಕೆ ಸೇರಿದ್ದರ ಹಿಂದೆ ಆ ಬನ್ನಿನ ಆಸೆಯೂ ಇತ್ತೆಂದರೆ ಸುಳ್ಳಲ್ಲ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವವರು ಬ್ರೆಡ್ಡು ಹಿಡಿದೇ ಹೋಗಬೇಕು. ಬರಿಗೈಯಲ್ಲಿ ಹೋಗಲು ಸಂಕೋಚ. ಅತ್ತಿಗೆ ಹಾಸಿಗೆ ಹಿಡಿದಾಗ ಬಂದವರೆಲ್ಲ ತಂದು ತಂದು, ದಿಂಬಿನ ಪಕ್ಕದಲ್ಲಿ ನನ್ನ ಬೇಕರಿಯಲ್ಲಿದ್ದುದಕ್ಕಿಂತ ಹೆಚ್ಚು ಬ್ರೆಡ್ಡು ಸೇರಿತ್ತು. ಅದೆಲ್ಲ ಹಳತೆಂದು ನಾನು ದಿನಾ ಬೆಳಗ್ಗೆ ಬಿಸಿಯದನ್ನೇ ಒಯ್ದು, ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದೆ. ಅದೊಂದು ಹೆಮ್ಮೆ ನನಗೆ.

ಒಂದು ದಿನ ಮುಖ ತಿರುಗಿಸಿದರು.

"ಸಾಕು ಕಣಪ್ಪ, ಹತ್ತಿ ಅಗ್ದಂಗಾಯ್ತದೆ. ಒಂದ್ ಹಿಡಿ ನವಣೆ ಅನ್ನ ಮೆತ್ತಗೆ ಬೇಯಿಸ್ಕೊಡಕ್ಕೆ ಹೇಳು. ಹುರುಳಿ ಸಾರು ಹಾಕ್ಕಂಡು ಉಣ್ತೀನಿ."

"ಅದೆಲ್ಲ ಗಟ್ಟಿ ಪದಾರ್ಥ ಅತ್ತಿಗೆ, ಅರಗಲ್ಲ. ವಾಸಿಯಾದ್ಮೇಲೆ ಉಣ್ಣೋರಂತೆ."

"ಡಾಕ್ಟ್ರು ಬ್ಯಾಡ ಅಂದವ್ರಾ?"

ಡಾಕ್ಟರನ್ನು ನಾನು ಕೇಳಿರಲೇ ಇಲ್ಲ. ಆದರೂ "ಹೂಂ" ಎಂದೆ.

"ಹಂಗಾರೆ ಬುಡು" ಎಂದು ಬಾಯಿ ತೆರೆದರು. ನಾನು ಬ್ರೆಡ್ಡಿನ ಚೂರು ಇಟ್ಟೆ.

ಮತ್ತೆ ಕೇಳಲಿಲ್ಲ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ತಿಥಿಯ ದಿನ ಎಡೆಗೆ ಅವರಿಗಿಷ್ಟವಾದದ್ದನ್ನು ಇಡಬೇಕೆಂದಾಗ ನಾನೇ ಪೇಟೆಯೆಲ್ಲ ಸುತ್ತಿ ನವಣೆ ತಂದೆ. ಬದುಕಿದ್ದಾಗ ಹಿಡಿ ಅನ್ನ ಕೊಡದವನು ಎಲೆ ತುಂಬ ಬಡಿಸಿದೆ. "ಅವಳ ಮನಸ್ಸು ನಿಂಗೇ ಗೊತ್ತು ಕಣಪ್ಪ" ಎಂದು ಅಣ್ಣ ಕಣ್ಣೊರೆಸಿಕೊಂಡ. ಡಾಕ್ಟರ ಹೆಸರಿನಲ್ಲಿ ನಾನಾಡಿದ ಆ ಸುಳ್ಳಿನ ಸಂಗತಿ ಇವತ್ತಿನವರೆಗೂ ಅವನಿಗೆ ಹೇಳಲಾಗಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ.

ಮೊನ್ನೆ ಡಬ್ಬಿಗೆ ಕೈಹಾಕುವಷ್ಟರಲ್ಲಿ ಹೆಂಗಸೊಬ್ಬರು ಬಂದರು.

"ಒಂದ್ ಬ್ರೆಡ್ ಕೊಡಿ, ನಮ್ಮಮ್ಮ ಆಸ್ಪತ್ರೇಲವ್ರೆ."

ಬ್ರೆಡ್ಡು ತೆಗೆದೆ, ಕೊಡಲು ಕೈ ಬರಲಿಲ್ಲ.

"ಏನು ತಿನ್ನೋ ಆಸೆ ಅಂತ ಅಮ್ಮನ್ನ ಕೇಳಿದ್ರಾ?"

"ಇಲ್ಲ ಕಣ್ರೀ. ಯಾಕೆ?"

"ಕೇಳಿ. ಡಾಕ್ಟ್ರನ್ನೂ ಕೇಳಿ. ಬ್ರೆಡ್ಡೇ ಬೇಕು ಅಂದ್ರೆ ಬನ್ನಿ, ಬಿಸಿಯದು ಕೊಡ್ತೀನಿ."

ಒಂದು ಗಳಿಗೆ ನನ್ನ ಮುಖ ನೋಡಿ, ಅವರು ಬರಿಗೈಯಲ್ಲೇ ಆಸ್ಪತ್ರೆಯ ಕಡೆ ಹೋದರು. ಬ್ರೆಡ್ಡನ್ನು ಕಪಾಟಿಗೆ ಸೇರಿಸಿ ಉಣ್ಣಲು ಕುಳಿತೆ. ನವಣೆ ಅನ್ನ ಆರಿಹೋಗಿತ್ತು. ಆರಿದರೂ ಮೆತ್ತಗೇ ಇತ್ತು.