ಹದಿಮೂರೇಳಲ

ನಮ್ಮ ಲೆಕ್ಕದ ಮೇಷ್ಟ್ರು ಹೊನ್ನವಳ್ಳಿಯಿಂದ ಸೈಕಲ್ಲಿನಲ್ಲಿ ಬರುವಾಗ ಟೇಪ್ ರೆಕಾರ್ಡರನ್ನು ಟವಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು ತರುತ್ತಿದ್ದರು. ಗುಂಡಿ ಒತ್ತುವ ಮೊದಲು ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು, "ಇದಕ್ಕೆ ಬುದ್ಧಿ ಇಲ್ಲ ಕಣ್ರಪ್ಪಾ, ಜ್ಞಾಪಕ ಐತೆ ಅಷ್ಟೇ. ಹೇಳಿದ್ದನ್ನೇ ಹೇಳ್ತದೆ" ಅನ್ನುತ್ತಿದ್ದರು.

ನಾವು ಆರನೇ ಕ್ಲಾಸಿನಲ್ಲಿದ್ದಾಗ ಅದಕ್ಕೆ ಮಗ್ಗಿ ತುಂಬಿಸಿದರು. ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ ಮೊದಲು ಹೇಳುತ್ತಿದ್ದಳು, ಉಳಿದವರು ಅವಳ ಹಿಂದೆ ಹೇಳುತ್ತಿದ್ದೆವು. "ಹದಿಮೂರೇಳಲ" ಎಂದವಳು ಅಲ್ಲೇ ನಿಂತಳು. ಯಾರೂ ಹೇಳಿಕೊಡಬಾರದೆಂದು ಮೇಷ್ಟ್ರು ತುಟಿಗೆ ಬೆರಳಿಟ್ಟರು. ಆ ಮೌನದಲ್ಲಿ ಪಕ್ಕದ ತೋಟದಲ್ಲಿ ಒಂದು ತೆಂಗಿನಕಾಯಿ ಬಿತ್ತು. ಆಮೇಲೆ ಅವಳು "ತೊಂಬತ್ತೊಂದು" ಎಂದಳು. ಎಲ್ಲವೂ ಟೇಪಿನಲ್ಲಿ ಉಳಿಯಿತು.

ಬೇಸಿಗೆ ರಜೆಯಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಶಾಲೆ ತೆರೆದ ಮೇಲೂ ಮೇಷ್ಟ್ರು ದಿನಾ ಅದೇ ಟೇಪು ಹಾಕಿದರು. ಅವಳು ಹೇಳುತ್ತಿದ್ದಳು, ನಾವು ತಲೆ ತಗ್ಗಿಸಿಕೊಂಡು ಹಿಂದೆ ಹೇಳುತ್ತಿದ್ದೆವು. ಹದಿಮೂರೇಳಲದಲ್ಲಿ ಅವಳು ನಿಲ್ಲುತ್ತಿದ್ದಳು, ಕಾಯಿ ಬೀಳುತ್ತಿತ್ತು.

ಒಂದು ದಿನ ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ನಿಂತ ಕೂಡಲೇ, ಕಿಟಕಿ ಪಕ್ಕದ ಖಾಲಿ ಜಾಗದ ಕಡೆ ಬಗ್ಗಿ, "ತೊಂಬತ್ತೊಂದು ಕಣವ್ವಾ" ಅಂದರು ಮೆಲ್ಲಗೆ.

"ತೊಂಬತ್ತೊಂದು" ಎಂದಿತು ಟೇಪು.

"ಹ್ಞೂ. ಮರೀಬ್ಯಾಡ."

ಮಾರನೇ ದಿನವೂ ಮೇಷ್ಟ್ರು ಬೆರಳು ಒರೆಸಿಕೊಂಡು ಗುಂಡಿ ಒತ್ತಿದರು. ಆದರೆ ಎಂದಿನ ಮಾತು ಹೇಳಲಿಲ್ಲ. ಹದಿಮೂರರ ಮಗ್ಗಿ ಬಂದಾಗ ನಾವೆಲ್ಲ ಕಾದೆವು. ಅವಳು ನಿಲ್ಲಲಿಲ್ಲ. "ಹದಿಮೂರೇಳಲ ತೊಂಬತ್ತೊಂದು" ಎಂದು ಒಂದೇ ಉಸಿರಿಗೆ ಹೇಳಿದಳು.

ತೆಂಗಿನಕಾಯಿ ಬಿದ್ದದ್ದು ಆಮೇಲೆ.