ಡಾಕ್ಟರ ಪೆಟ್ಟಿಗೆಗೆ ಬಿದ್ದ ಚೀಟಿ

ನಗಬೇಡಿ. ಈ ಕಥೆ ಕೇಳಿ ನಕ್ಕವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೊದಲು ನಕ್ಕವನು ನಾನೇ, ಹಾಗಾಗಿ ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆಯ ಒಬ್ಬ ಡಾಕ್ಟರ ಔಷಧಾಲಯದಲ್ಲಿ ನಾನು ಕಾಂಪೌಂಡರ್. ಅವರ ಕೈಗುಣ ದೊಡ್ಡದು, ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಚಳಿಜ್ವರದ ದಿನಗಳಲ್ಲಿ ಮನೆಮನೆಗೆ ನಡೆದುಹೋದ ಮನುಷ್ಯ. ನಮ್ಮಲ್ಲಿಗೆ ಬರುವವರಿಗೆ ಗೊತ್ತಿದ್ದ ಕ್ರಮ ಒಂದೇ: ಡಾಕ್ಟರು ಬರೆದ ಚೀಟಿಯನ್ನು ನನ್ನ ಕಿಟಕಿಯಲ್ಲಿ ಕೊಡಬೇಕು, ಬದಲಿಗೆ ನಾನು ಕೊಟ್ಟದ್ದನ್ನು ಜೋಪಾನವಾಗಿ ಮನೆಗೆ ಒಯ್ಯಬೇಕು.

ಶಿರಂಗಾಲದಲ್ಲಿದ್ದ ನನ್ನ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಮೈಸೂರಿನಲ್ಲಿದ್ದ ತಮ್ಮ ಗೆಳೆಯ ಸರ್ಜನ್‌ಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. "ಮಳೆ ಹಿಡಿಯೋದ್ರೊಳಗೆ ಆಪರೇಷನ್ ಆಗ್ಲೇಬೇಕು. ಇದನ್ನ ತೋರಿಸಿದ್ರೆ ತಕ್ಷಣ ಸೇರಿಸ್ಕೋತಾರೆ," ಎಂದರು. ಅಷ್ಟರಲ್ಲಿ ನಮ್ಮ ಡಾಕ್ಟರು ಚುನಾವಣೆಗೆ ನಿಂತಾಗಿತ್ತು. "ಓಟು ಹಾಕೇ ಹೋಗಕ್ಕ," ಎಂದು ನಾನು ಅವಳನ್ನು ತಡೆದೆ. ಒಂದು ಓಟಿಗಾಗಿ! ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಆಗ ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಓಟಿನ ಕಾಗದಕ್ಕೂ ಜನ ಚೀಟಿ ಎಂದೇ ಹೇಳುತ್ತಿದ್ದರು. ಊರೂರು ತಿರುಗಿ ನಾನು ಗಂಟಲು ಹರಿದುಕೊಂಡದ್ದು ಒಂದೇ ಮಾತಿಗೆ: "ಡಾಕ್ಟರ ಚೀಟಿ ಡಾಕ್ಟರ ಪೆಟ್ಟಿಗೆಗೇ ಹಾಕಿ!" ಅಕ್ಕ ಅಕ್ಷರಶಃ ಹಾಗೇ ಮಾಡಿದಳು. ಎಲೆಅಡಿಕೆ ಚೀಲದಿಂದ ಸರ್ಜನ್‌ಗೆ ಬರೆದಿದ್ದ ಚೀಟಿ ತೆಗೆದು ಪೆಟ್ಟಿಗೆಗೆ ಹಾಕಿದಳು. ಮತಗಟ್ಟೆಯವರು ಕೊಟ್ಟ ಓಟಿನ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಅದನ್ನೇ ಹಿಡಿದು ಭಾವನ ಜೊತೆ ಮೈಸೂರಿಗೆ ಹೋದಳು. ಆಸ್ಪತ್ರೆಯ ಬಾಗಿಲಲ್ಲಿದ್ದವನು ಆ ಕಾಗದವನ್ನು ನಾಲ್ಕು ಜನಕ್ಕೆ ತೋರಿಸಿ ನಕ್ಕು ವಾಪಸ್ಸು ಕಳಿಸಿದ. "ಸರ್ಕಾರದ ಮುದ್ರೆ ಐತೆ ಕಣ್ಲಾ, ಆದ್ರೂ ಒಳಕ್ಕೆ ಬಿಡ್ಲಿಲ್ಲ," ಎಂದು ಅವಳು ನನ್ನ ಮುಂದೆ ಚೀಲ ಬಿಚ್ಚಿದಾಗ ನನಗೂ ನಗು ಉಕ್ಕಿತು. ಅವಳ ಮುಖ ನೋಡಿದ ಮೇಲೆ ನಿಂತಿತು.

ಔಷಧಾಲಯಕ್ಕೆ ಬೀಗ ಬಿದ್ದಿತ್ತು. ಗೆದ್ದ ಡಾಕ್ಟರು ಮಡಿಕೇರಿ ಸೇರಿದ್ದರು. ಇನ್ನೊಂದು ಚೀಟಿ ಬರೆಸಿಕೊಳ್ಳಲು ಹೋದೆ. ಎರಡು ಸಲ "ಮೀಟಿಂಗಲ್ಲಿದಾರೆ" ಎಂದು ಬಾಗಿಲಿಂದಲೇ ಕಳಿಸಿದರು. ಮೂರನೆಯ ಸಲ ಒಳಗೆ ಬಿಟ್ಟರು. ನಡೆದದ್ದನ್ನು ಹೇಳಿದೆ. ಡಾಕ್ಟರು ಮೇಜು ಬಡಿದು ನಕ್ಕರು. ಪಕ್ಕದ ಕೋಣೆಯವರನ್ನೂ ಕರೆದು, "ಇನ್ನೊಂದ್ಸಲ ಹೇಳಯ್ಯ, ಇವ್ರೂ ಕೇಳ್ಲಿ," ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಹೇಳಿದೆ, ಮಾನಗೆಟ್ಟವನು! "ಚೀಟಿ ನಾಳೆ ಕಳಿಸ್ತೀನಿ, ಹೋಗು," ಎಂದರು. ಪೆನ್ನು ಅವರ ಜೇಬಿನಲ್ಲೇ ಇತ್ತು. ಎರಡು ಸಾಲು ಗೀಚಲು ಯಾವ ರಾಜಕಾರಣ ಅಡ್ಡ ಬಂದಿತ್ತು?

ದಿನವೂ ಟಪಾಲಿನವನ ದಾರಿ ಕಾದೆ. ಚೀಟಿ ಬರಲಿಲ್ಲ, ಮಳೆ ಬಂತು. ಕೊನೆಗೆ ಬರಿಗೈಯಲ್ಲೇ ಅಕ್ಕನನ್ನು ಕರೆದುಕೊಂಡು ಮೈಸೂರಿಗೆ ಹೋಗಿ, ಸರ್ಜನ್ ಮನೆಯ ಮುಂದೆ ನಿಂತು ಕೈಮುಗಿದೆ. ಪುಣ್ಯಾತ್ಮ ಚೀಟಿ ಕೇಳಲೇ ಇಲ್ಲ. ಪರೀಕ್ಷೆ ಮಾಡಿ, "ಎರಡು ತಿಂಗಳು ಮೊದಲೇ ಬರಬಾರದಿತ್ತೇನಪ್ಪ?" ಎಂದರು. ಆಷಾಢ ಕಳೆಯುವುದರೊಳಗೆ ಅಕ್ಕ ತೀರಿಕೊಂಡಳು.

ಡಾಕ್ಟರು ಮುಂದೆ ದೆಹಲಿಗೆ ಹೋದರು, ಅಲ್ಲಿಂದ ಯಾವುದೋ ದೇಶಕ್ಕೆ ರಾಯಭಾರಿಯಾಗಿ ಹೋದರು. ಎಷ್ಟೋ ವರ್ಷಗಳ ಮೇಲೆ ಸೋಮವಾರಪೇಟೆಯಲ್ಲಿ ಅವರಿಗೆ ಸನ್ಮಾನ. ಹೋಗಬಾರದು ಎಂದುಕೊಂಡಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಹಾರ ಹಾಕಿಸಿಕೊಂಡು ಅವರು ಮೈಕಿನ ಮುಂದೆ ನಿಂತರು. "ಅಲ್ಲಿ ದೊಡ್ಡ ದೊಡ್ಡವರು ಕೂತ ಊಟದ ಮೇಜಿನಲ್ಲಿ ನಮ್ಮೂರ ಹೆಂಗಸೊಬ್ಬಳ ಕಥೆ ಹೇಳ್ತಿದ್ದೆ. ನಕ್ಕೂ ನಕ್ಕೂ ಸುಸ್ತಾಗೋರು," ಎಂದು ಶುರುಮಾಡಿದರು. ನನ್ನ ಅಕ್ಕನ ಕಥೆ! ಉಪ್ಪುಖಾರ ಹಚ್ಚಿ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ನನ್ನ ಗುರುತು ಹಿಡಿದು, "ಅಗೋ, ನಮ್ಮ ಕಾಂಪೌಂಡರ್! ಹೇಗಿದ್ದಾಳಯ್ಯ ನಿಮ್ಮಕ್ಕ?" ಎಂದರು.

ಎದ್ದು ನಿಂತೆ. "ನೀವು ನಾಳೆ ಕಳಿಸ್ತೀನಿ ಅಂದ ಚೀಟಿ ಇನ್ನೂ ಬಂದಿಲ್ಲ ಸ್ವಾಮಿ. ಅವ್ಳು ಕಾದೂ ಕಾದೂ ಸತ್ತೋದ್ಳು," ಎಂದೆ.

ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಇದೂ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿ ನಕ್ಕರು. ಡಾಕ್ಟರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಅವರ ಜೊತೆ ತಾವೂ ನಕ್ಕರು.