ತಾನಾಗಿ ಓಡುತ್ತಿದ್ದ ಗೈಡ್

ಗರಗಸದ ಹಲ್ಲು ಮರವನ್ನು ಕೊಯ್ಯುವ ಬದಲು ಉಜ್ಜಿದರೆ ಒಂದು ವಾಸನೆ ಬರುತ್ತದೆ. ಒಲೆಯಲ್ಲಿ ಸೌದೆ ಉರಿಯುವ ವಾಸನೆಯಲ್ಲ ಅದು. ಸೀದ ಹಾಲಿನ ವಾಸನೆ, ಅದರ ಬೆನ್ನಿಗೆ ಒಂದಿಷ್ಟು ಕಹಿ. ಹೋದ ತಿಂಗಳು ರಾಮನಗರದಲ್ಲಿ ತಮ್ಮನ ಮಗನ ಮನೆಗೆ ಹೋದಾಗ ಗೇಟಿನ ಹತ್ತಿರವೇ ಅದು ಮೂಗಿಗೆ ಬಡಿಯಿತು. ಕಾಲೇಜಿನಲ್ಲಿ ಪಾಠ ಮಾಡುವ ಹುಡುಗ. ಮನೆಯ ಪಕ್ಕದಲ್ಲಿ ತಗಡು ಹೊದಿಸಿ, ಒಂದು ಟೇಬಲ್ ಗರಗಸ ಇಟ್ಟುಕೊಂಡು, ಭಾನುವಾರಗಳಲ್ಲಿ ಪುಸ್ತಕದ ಕಪಾಟು, ಸ್ಟೂಲು ಎಂದು ಏನಾದರೂ ಮಾಡುತ್ತಿರುತ್ತಾನೆ. ಕೊಯ್ದ ಹಲಗೆಯ ಅಂಚು ಕಂದಿತ್ತು.

"ಅತ್ತೆ, ಮರ ಒರಗಿಸೋ ಈ ಗೈಡ್ ಎಷ್ಟು ಸರಿ ಮಾಡಿದ್ರೂ ಓರೆ ಆಗೋಯ್ತದೆ. ಈಗ ಮೋಟ್ರುದು ಬಂದೈತಲ್ಲ, ಅಂಕಿ ಒತ್ತಿದ್ರೆ ತಾನೇ ಹೋಗಿ ನಿಂತ್ಕೊಳ್ಳೋದು, ಅದನ್ನ ಹಾಕಿಸ್ಬುಡ್ಲಾ? ಮನೇಲಿ ಮಾಡೋರ್ಗೂ ಅದು ಬೇಕು ಅಂತೀರಾ?"

ನಾನು ಹಲಗೆಯನ್ನು ಕೈಗೆ ತೆಗೆದುಕೊಂಡು ಅಂಚನ್ನು ಮೂಸಿದೆ. ಉತ್ತರ ನಾಲಿಗೆಯ ಮೇಲೇ ಇತ್ತು. ಆದರೆ ಅದರ ಜೊತೆಗೆ ಇನ್ನೊಬ್ಬರ ಧ್ವನಿಯೂ ಇತ್ತು...

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯವರು ಅವರು. ನಾನು ಅಣ್ಣ ಎನ್ನುತ್ತಿದ್ದೆ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆಗೆ ಬಂದರೆ ಹಿತ್ತಲಿನ ಶೆಡ್ಡಿನಲ್ಲಿ ಮರದ ಕೆಲಸ. ಎತ್ತರದ ಆಳು ಎಂದು ಬರೆಯಹೊರಟೆ, ನಿಲ್ಲಿಸಿದೆ. ಅಷ್ಟು ಎತ್ತರವಿರಲಿಲ್ಲ ಅನ್ನಿಸುತ್ತದೆ. ನಾನು ಯಾವಾಗಲೂ ಗರಗಸದ ಮೇಲೆ ಬಗ್ಗಿರುತ್ತಿದ್ದೆ, ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು. ನೆನಪು ಅಳತೆ ತೆಗೆಯುವುದೇ ಹೀಗೆ.

ಆ ವರ್ಷಗಳಲ್ಲಿ ಬಿಡದಿಯಲ್ಲಿ ದಿನಕ್ಕೊಂದು ಕಾರ್ಖಾನೆ ಏಳುತ್ತಿರುವಂತೆ ಕಾಣುತ್ತಿತ್ತು. ನಮ್ಮ ಓಣಿಯಲ್ಲಿ ಬೊಂಬೆ ಮಾಡುವ ಲೇತುಗಳು ಒಂದೊಂದು ಮನೆಯಲ್ಲಿ ಸದ್ದು ನಿಲ್ಲಿಸುತ್ತಿದ್ದವು. ಬೆಳಿಗ್ಗೆ ಓಣಿಯ ತುದಿಗೆ ಕಾರ್ಖಾನೆಯ ಬಸ್ಸು ಬರುತ್ತಿತ್ತು. ನನ್ನ ಜೊತೆ ಬೆಳೆದವರು ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಹತ್ತಿ ಹೋಗುತ್ತಿದ್ದರು. ನನಗೆ ಆ ಬಸ್ಸು ಹತ್ತುವುದು ಬೇಡವಾಗಿತ್ತು. ನಮ್ಮ ಹಿತ್ತಲಿನಲ್ಲಿ, ನನ್ನದೇ ಗರಗಸದ ಮುಂದೆ ನಿಂತು, ದಣಿವಾದಾಗ ನಾನೇ ನಿಲ್ಲಿಸಿ, ನೀರು ಕುಡಿದು, ಮತ್ತೆ ನಾನೇ ಶುರು ಮಾಡಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಇದ್ದಂತೆ ನೆನಪಿಲ್ಲ.

ದುಂಡನೆಯ ಬೊಂಬೆಗಳಿಗೆ ಬೇಡಿಕೆ ಕುಗ್ಗಿದರೂ ಚೌಕದ ಆಟಿಕೆಗಳಿಗೆ ಇತ್ತು. ಬೆಂಗಳೂರಿನ ಶಿಶುವಿಹಾರಗಳಿಗೆ ಸಾಮಾನು ಕೊಡುತ್ತಿದ್ದ ಒಬ್ಬ ವ್ಯಾಪಾರಿ ನನ್ನಿಂದ ಮರದ ತಟ್ಟೆಯೊಳಗೆ ಕೂರುವ ತುಂಡುಗಳನ್ನು ಮಾಡಿಸುತ್ತಿದ್ದ. ಬಣ್ಣಬಣ್ಣದ ತುಂಡುಗಳು, ಹೇಗೆ ಜೋಡಿಸಿದರೂ ತಟ್ಟೆ ತುಂಬಬೇಕು, ಸಂದು ಉಳಿಯಬಾರದು. ಅವನು ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಸದ್ದು ಬಂದರೆ ವಾಪಸ್ಸು.

ಸದ್ದು ಬರದಂತೆ ಕೊಯ್ಯುವುದನ್ನು ನನಗೆ ಕಲಿಸಿದವರು ಅಣ್ಣ. ಗರಗಸದ ಅಲಗಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಪಟ್ಟಿ ಇರುತ್ತದೆ, ಅದೇ ಗೈಡ್. ಮರವನ್ನು ಅದಕ್ಕೆ ಒರಗಿಸಿ ತಳ್ಳಬೇಕು. ಅಲಗಿಗೂ ಅದಕ್ಕೂ ಎಷ್ಟು ದೂರವೋ ತುಂಡಿನ ಅಗಲ ಅಷ್ಟು. ಟೇಬಲಿಗೆ ಅಂಟಿಸಿದ್ದ ಅಳತೆಯ ಪಟ್ಟಿಯನ್ನು ಅಣ್ಣ ಮೊದಲ ದಿನವೇ ಕಿತ್ತು ಹಾಕಿಸಿದರು. ಸರಿಯಾಗಿ ಕೂತ ಒಂದು ಹಳೆಯ ತುಂಡನ್ನು ಅಲಗಿಗೂ ಗೈಡಿಗೂ ನಡುವೆ ಇಟ್ಟು, ಗೈಡನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬರಬೇಕು. ತುಂಡು ಬಿಗಿಯಾಗಲೂ ಬಾರದು, ಬೀಳಲೂ ಬಾರದು.

"ಒಸಿ ತಟ್ಟು. ಒಸಿ ಅಂದೆ ಕಣವ್ವ, ಮೆಣಸಿನಕಾಯಿ ಕುಟ್ಟು ಅಂದ್ನಾ?"

"ತಟ್ಟಿದ್ದೇ ಒಸಿ ಅಣ್ಣ."

"ನಿನ್ ಒಸಿಗೆ ನಮ್ಮೆಮ್ಮೆ ಎದ್ದು ಓಡೋಯ್ತದೆ."

ಇಷ್ಟು ಮಾತು ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವುದರ ಮೇಲೆ ನನಗೆ ಅನುಮಾನವೂ ಇದೆ. ಇಷ್ಟು ನಗಿಸುತ್ತಿದ್ದ ಮನುಷ್ಯನನ್ನು ಆಮೇಲೆ ದೂರಬೇಕಾಗಿ ಬಂದದ್ದರಿಂದ ಈ ನಗುವನ್ನು ನಾನೇ ಒಂದಿಷ್ಟು ಉಜ್ಜಿ ಹೊಳಪು ಕೊಟ್ಟಿರಬಹುದು.

ಒಂದು ಬೇಸಿಗೆಯಲ್ಲಿ ಅಣ್ಣ ಮೋಟರಿನಿಂದ ಓಡುವ ಗೈಡ್ ತಂದರು. ಟೇಬಲಿನ ಅಂಚಿನಲ್ಲಿ ಒಂದು ಉದ್ದನೆಯ ಸ್ಕ್ರೂ, ಅದನ್ನು ತಿರುಗಿಸಲು ರಬ್ಬರ್ ಬೆಲ್ಟು ಹಾಕಿದ ಪುಟ್ಟ ಮೋಟರು, ಪಕ್ಕದಲ್ಲಿ ಅಂಕಿ ಒತ್ತುವ ಡಬ್ಬ. ಅಂಕಿ ಒತ್ತಿದರೆ ಗೈಡ್ ಗುಂಯ್ ಎಂದು ಹೊರಟು, ಬೇಕಾದಲ್ಲಿ ನಿಲ್ಲುತ್ತಿತ್ತು. ಓಣಿಯವರೆಲ್ಲ ನೋಡಲು ಬಂದರು. ಮಾಗಡಿ, ಕನಕಪುರದ ಕಡೆಯಿಂದಲೂ ಮನೆಯಲ್ಲೇ ಮರಗೆಲಸ ಮಾಡುವವರು ಬಂದರು. ಅಣ್ಣ ಪ್ರತಿಯೊಬ್ಬರ ಎದುರಿಗೂ ಕೊಯ್ದು ತೋರಿಸುತ್ತಿದ್ದರು. ಅದನ್ನು ತಯಾರಿಸುತ್ತಿದ್ದ ಯಾರೋ ಪರಿಚಯದವರು ಅವರನ್ನೇ ಈ ಸೀಮೆಗೆಲ್ಲ ತೋರಿಸುವವರನ್ನಾಗಿ ಮಾಡಿಕೊಂಡಿದ್ದರು. ಕಾರ್ಖಾನೆಯಲ್ಲಿ ಹೇಳಿದ್ದನ್ನು ಕೇಳಿಕೊಂಡಿರುತ್ತಿದ್ದ ಅಣ್ಣನ ಮಾತನ್ನು ಈಗ ಜನ ಸುತ್ತ ನಿಂತು ಕೇಳುತ್ತಿದ್ದರು.

"ನಿನ್ ಮಿಷನ್ನಿಗೂ ಹಾಕುಸ್ಕೊ ಕಣವ್ವ," ಎಂದರು ನನಗೆ. "ತಟ್ಟೋ ಕಾಲ ಮುಗೀತು. ನೀನು ಅಂಕಿ ಒತ್ತು, ಮಿಕ್ಕಿದ್ದು ಅದು ನೋಡ್ಕತದೆ."

ಹಾಕಿಸಿಕೊಂಡೆ. ಚೆನ್ನಾಗಿ ನಡೆಯಿತು ಎಂದೇ ಬರೆಯಬೇಕು. ಮೊದಲ ದಿನದಿಂದಲೇ ಕೆಟ್ಟಿತು ಎಂದಿದ್ದರೆ ಈ ಕಥೆ ನನಗೆ ಅನುಕೂಲವಾಗಿರುತ್ತಿತ್ತು. ಹಾಗಾಗಲಿಲ್ಲ. ಒಂದೇ ದಿನದಲ್ಲಿ ಬೇರೆ ಬೇರೆ ಅಗಲದ ತುಂಡು ಕೊಯ್ಯಬೇಕಾದಾಗ ಅದರಷ್ಟು ಸುಖ ಇನ್ನೊಂದಿರಲಿಲ್ಲ. ಹಳೆಯ ಅಳತೆಯ ತುಂಡುಗಳನ್ನು ಅವ್ವ ಬಚ್ಚಲೊಲೆಗೆ ಹಾಕಿದಳು. ನಾನು ಬೇಡ ಎನ್ನಲಿಲ್ಲ.

ಆಮೇಲೆ ಆಯುಧಪೂಜೆ ಬಂತು. ನಮ್ಮ ಓಣಿಯಲ್ಲಿ ಯಂತ್ರದ ಮೈಗೆ ಒಂದು ಬೊಟ್ಟು ಇಟ್ಟು ಮುಗಿಸುವುದಿಲ್ಲ. ಯಂತ್ರದಲ್ಲಿ ಓಡಾಡುವ ಭಾಗ ಯಾವುದಿದೆಯೋ ಅದಕ್ಕೆಲ್ಲ ಅರಿಶಿನ ಕುಂಕುಮ ಹಚ್ಚಬೇಕು. ಚಕ್ರ, ಬೆಲ್ಟು, ಅಲಗು, ಯಾವುದನ್ನೂ ಬಿಡುವಂತಿಲ್ಲ. ಬಿಟ್ಟ ಭಾಗವೇ ವರ್ಷವೆಲ್ಲ ಮುನಿಯುತ್ತದೆ ಎನ್ನುತ್ತಿದ್ದಳು ಅವ್ವ. ಆ ದಿನ ಅಣ್ಣನೂ ನಮ್ಮ ಶೆಡ್ಡಿಗೆ ಬಂದಿದ್ದರು. ಎಣ್ಣೆ ಹಚ್ಚಿದ ಸ್ಕ್ರೂ ನೋಡಿ ಅವ್ವ ಕೇಳಿದಳು, "ಇದ್ಕೂ ಮಡಗ್ಬೇಕಾ?"

"ಅದೇ ತಾನೇ ಎಲ್ಲಾನೂ ಓಡ್ಸೋದು. ಅದ್ಕೆ ಮೊದ್ಲು ಮಡಗವ್ವ," ಎಂದರು ಅಣ್ಣ.

ಅವ್ವ ಸ್ಕ್ರೂವಿನ ಉದ್ದಕ್ಕೂ ಹಚ್ಚಿದಳು. ಕುಂಕುಮ ಎಣ್ಣೆಯಲ್ಲಿ ಕಲೆತು ಕೆಸರಾಗಿ ಸುತ್ತುಗಳಲ್ಲಿ ಕೂತಿತು. ಅಣ್ಣ ಹಾಗೆಂದದ್ದು ನಿಜವೇ, ಅಥವಾ ಸುಮ್ಮನೆ ತಲೆಯಾಡಿಸಿದರೇ? ಅವ್ವ ಸಾಯುವವರೆಗೂ ಅಂದರು ಎಂದೇ ಹೇಳಿದಳು. ನನಗೆ ಅವರ ಬಾಯಿ ಅಲುಗಿದ್ದು ಕಾಣುತ್ತದೆ, ಮಾತು ಮಾತ್ರ ಅವ್ವನ ಧ್ವನಿಯಲ್ಲೇ ಕೇಳುತ್ತದೆ...

ಹಬ್ಬ ಕಳೆದು ಯಂತ್ರ ಶುರು ಮಾಡಿದೆ. ಗೈಡ್ ಓಡಿತು, ನಿಂತಿತು. ಡಬ್ಬದಲ್ಲಿ ಸರಿಯಾದ ಅಂಕಿಯೇ ಇತ್ತು. ಬಂದಿದ್ದ ಆರ್ಡರು ಅದುವರೆಗಿನದರಲ್ಲೆಲ್ಲ ದೊಡ್ಡದು. ಇದು ಸರಿಹೋದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದು ವ್ಯಾಪಾರಿ ಹೇಳಿದ್ದ. ಅಂಕಿ ಒತ್ತುತ್ತಾ, ತಳ್ಳುತ್ತಾ, ಇಟ್ಟಿದ್ದ ಮರವನ್ನೆಲ್ಲ ಕೊಯ್ದೆ. ಒಂದು ತುಂಡನ್ನೂ ಹಳೆಯದರ ಪಕ್ಕ ಇಟ್ಟು ನೋಡಲಿಲ್ಲ. ನೋಡಲು ಹಳೆಯದು ಯಾವುದೂ ಉಳಿದಿರಲಿಲ್ಲ.

ವ್ಯಾಪಾರಿ ಬಂದ. ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಲಗಲ ಎಂದಿತು. ಇನ್ನೊಂದು ತಟ್ಟೆ, ಅದೂ ಗಲಗಲ. ಪ್ರತಿ ತುಂಡೂ ಕೂದಲೆಳೆಯಷ್ಟು ಕಿರಿದಾಗಿತ್ತು. ತಟ್ಟೆ ತುಂಬುವಷ್ಟರಲ್ಲಿ ಆ ಎಳೆಗಳೆಲ್ಲ ಸೇರಿ ಬೆರಳು ತೂರುವಷ್ಟು ಸಂದಾಗಿತ್ತು. ನಾನು ಓಡಿಹೋಗಿ ಅಣ್ಣನನ್ನು ಕರೆದೆ. ಅವರು ಬಂದರೆ ಏನಾದರೂ ದಾರಿ ಹೇಳುತ್ತಾರೆ, ನನ್ನ ಪರವಾಗಿ ಒಂದು ಮಾತಾಡುತ್ತಾರೆ ಎಂದುಕೊಂಡಿದ್ದೆ.

ಅಣ್ಣ ಬಗ್ಗಿ ಸ್ಕ್ರೂ ನೋಡಿದರು. ಬೆರಳಿನಿಂದ ಕೆಂಪು ಕೆಸರು ತೆಗೆದು ವ್ಯಾಪಾರಿಗೆ ತೋರಿಸಿದರು.

"ನೋಡಿ ಸಾರ್. ಮಿಷನ್ನು ಏನ್ ಮಾಡ್ತದೆ? ಹೆಂಗಸ್ರು ಪೂಜೆ ಮಾಡ್ಬುಟ್ಟವ್ರೆ."

ವ್ಯಾಪಾರಿ ನಕ್ಕ. ಅಣ್ಣನೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳು ಆಮೇಲೆ ಯಾವ ಆಯುಧಪೂಜೆಗೂ ಶೆಡ್ಡಿಗೆ ಕಾಲಿಡಲಿಲ್ಲ.

ಅಷ್ಟಾದರೂ ನಾನು ಅಣ್ಣನ ಮಾತನ್ನೇ ನಂಬಿದೆ. ತಪ್ಪು ನಮ್ಮದೇ ಎಂದುಕೊಂಡು ಸೀಮೆಎಣ್ಣೆಯಿಂದ ಸ್ಕ್ರೂ ತೊಳೆದೆ. ಮತ್ತೆ ಕೊಯ್ದು ನೋಡಿದೆ. ಮೊದಲು ಸರಿ ಬಂತು. ಕೊಯ್ಯುತ್ತಾ ಹೋದಂತೆ ಮರದ ಪುಡಿ ಕೂತು ಮತ್ತೆ ಕೂದಲೆಳೆ ಹೆಚ್ಚುಕಡಿಮೆಯಾಯಿತು. ಆಗ ತಿಳಿಯಿತು: ಭಾರ ಬಿದ್ದಾಗ ಬೆಲ್ಟು ಜಾರುತ್ತಿತ್ತು, ಮೋಟರು ಮಾತ್ರ ತಿರುಗುತ್ತಿತ್ತು. ಡಬ್ಬ ಎಣಿಸುತ್ತಿದ್ದದ್ದು ಮೋಟರಿನ ಸುತ್ತನ್ನು. ಗೈಡ್ ಎಲ್ಲಿದೆ ಎನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ. ಎಲ್ಲಿರಬೇಕಿತ್ತೋ ಅದನ್ನು ತೋರಿಸುತ್ತಿತ್ತು.

ಇದನ್ನು ಅಣ್ಣನಿಗೆ ಹೇಳಬೇಕೆಂದು ಅವರ ಶೆಡ್ಡಿಗೆ ಹೋದೆ. ಅವರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾದರೆ ಬೇರೆಯವರಿಗೂ ಹೇಳುತ್ತಾರೆ ಎನ್ನುವ ಆತುರ ನನಗೆ. ಅವರು ಕಾರ್ಖಾನೆಯಿಂದ ಬಂದಿರಲಿಲ್ಲ. ಅತ್ತಿಗೆ ರಾಗಿ ಹಸನು ಮಾಡುತ್ತಿದ್ದರು. ಶೆಡ್ಡಿನ ಬಾಗಿಲು ತೆರೆದಿತ್ತು. ಅವರ ಗರಗಸದಲ್ಲಿ ಮೋಟರು ಇತ್ತು, ಡಬ್ಬ ಇತ್ತು, ಬೆಲ್ಟು ಮಾತ್ರ ಇರಲಿಲ್ಲ. ಅಲಗಿಗೂ ಗೈಡಿಗೂ ನಡುವೆ ಮರದ ತುಂಡೊಂದು ಕೂತಿತ್ತು. ಪಕ್ಕದಲ್ಲಿ ಸುತ್ತಿಗೆ.

"ಅತ್ತಿಗೆ, ಬೆಲ್ಟು ಯಾವಾಗ ಬಿಚ್ಚಿದ್ರು?"

"ಅದಾ? ಅದನ್ನ ಆಷಾಢದಲ್ಲೇ ಬಿಚ್ಚಿ ಮಡಗವ್ರೆ. ನಂಬಂಗಿಲ್ಲ ಅಂತಿದ್ರು. ಯಾರಾದ್ರೂ ನೋಡಾಕೆ ಬಂದ್ರೆ ಮಾತ್ರ ಹಾಕ್ತಾರೆ. ನಿಂಗೆ ಹೇಳಿಲ್ವಾ?"

ಆಷಾಢ. ಆಯುಧಪೂಜೆಗೆ ಎಷ್ಟೋ ಮೊದಲು.

ಮೂಲೆಯಲ್ಲಿ ಕೊಯ್ದ ತುಂಡುಗಳನ್ನು ಜೋಡಿಸಿಟ್ಟಿದ್ದರು. ಕೈಗೆ ತೆಗೆದುಕೊಂಡು ನೋಡಬೇಕಾಗಿಯೇ ಇರಲಿಲ್ಲ. ನನ್ನ ತಟ್ಟೆಗಳಿಗೆ ಕೂರುವ ತುಂಡುಗಳು ಅವು. ವ್ಯಾಪಾರಿ ಆರ್ಡರನ್ನು ಅವರಿಗೆ ಕೊಟ್ಟಿದ್ದ.

ಅವರು ಬರುವವರೆಗೆ ಅಲ್ಲೇ ಕೂತಿದ್ದೆ. ಬಂದವರು ನನ್ನನ್ನು ನೋಡಿದರು, ಆಮೇಲೆ ಗೈಡ್ ನೋಡಿದರು.

"ಹೇಳ್ಬೇಕು ಅಂತ್ಲೇ ಇದ್ದೆ ಕಣವ್ವ," ಎಂದರು. "ಊರಿಗೆಲ್ಲ ಚೆಂದಾಗೈತೆ ಅಂತ ಹೇಳ್ಬುಟ್ಟಿದ್ದೆ. ಹೆಂಗೆ ಹೇಳದು?"

"ಅವ್ವನ ಮೇಲೆ ಯಾಕೆ ಹಾಕಿದ್ರಿ ಅಣ್ಣ?"

ಅವರು ಊಟದ ಡಬ್ಬಿಯನ್ನು ಅತ್ತಿಗೆಯ ಕೈಗೆ ಕೊಟ್ಟು ಕೈ ತೊಳೆಯಲು ಹೋದರು. ನೀರು ಬಹಳ ಹೊತ್ತು ಬೀಳುತ್ತಿತ್ತು.

ಮೊದಲೇ ಯೋಚಿಸಿ ಮಾಡಿದ ಮೋಸ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಹಾಗೆ ಹೇಳಿಕೊಂಡರೆ ಸಿಟ್ಟು ಸುಲಭವಾಗಿ ನಿಲ್ಲುತ್ತದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಜನ ಸುತ್ತ ನಿಂತು ಕೇಳುವುದನ್ನು ಬಿಡಲಾರದೆ ಒಂದು ದಿನ ಸುಮ್ಮನಿದ್ದರು, ಇನ್ನೊಂದು ದಿನ ಸುಮ್ಮನಿದ್ದರು. ಕೊನೆಗೆ ಬೆರಳಿಗೆ ಕುಂಕುಮ ಸಿಕ್ಕಿತು. ಆದರೆ ಇದೂ ತುಂಬ ನಾಜೂಕಾಗಿ ಕೂರುತ್ತಿದೆ, ಇದನ್ನೂ ಪೂರ್ತಿ ನಂಬಲಾರೆ. ನಾನು ಕಣ್ಣಾರೆ ಕಂಡದ್ದು ಇಷ್ಟೆ: ಅವರು ಬೆಲ್ಟು ಬಿಚ್ಚಿದ್ದರು, ನನ್ನದನ್ನು ಬಿಚ್ಚು ಎನ್ನಲಿಲ್ಲ.

ವ್ಯಾಪಾರಿ ಮತ್ತೆ ನನಗೆ ಕೆಲಸ ಕೊಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾನೂ ಓಣಿಯ ತುದಿಗೆ ಹೋಗಿ ನಿಂತೆ. ಅಣ್ಣ ಹತ್ತುತ್ತಿದ್ದದ್ದೂ ಅದೇ ಬಸ್ಸು. ಅವರು ಮುಂದೆ ಕೂರುತ್ತಿದ್ದರು, ನಾನು ಹಿಂದೆ. ಬಿಡದಿಯಲ್ಲಿ ಸಾಮಾನು ಪ್ಯಾಕ್ ಮಾಡುವ ಸಾಲಿನಲ್ಲಿ, ಗಂಟೆ ಹೊಡೆದಾಗ ನೀರು ಕುಡಿಯುತ್ತಾ, ಗಂಟೆ ಹೊಡೆದಾಗ ನಿಲ್ಲಿಸುತ್ತಾ ನನ್ನ ವರ್ಷಗಳು ಕಳೆದವು. ಗರಗಸವನ್ನು ಮಾರಿದೆವು. ಅಣ್ಣ ತೀರಿಕೊಂಡ ದಿನ ನಾನು ಕೆಲಸದಲ್ಲಿದ್ದೆ. ಬಸ್ಸು ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಮ್ಮನ ಮಗ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಹೇಳಿದೆ: "ದಿನಾ ಬೇರೆ ಬೇರೆ ಅಳತೆ ಕೊಯ್ಯೋರಿಗೆ ಅದು ಒಳ್ಳೇದೇ ಕಣಪ್ಪ. ನೀನು ಭಾನುವಾರ ಒಂದು ಸ್ಟೂಲು ಮಾಡೋನು, ನಿಂಗ್ಯಾಕೆ? ಹಾಕ್ಸಿದ್ರೂ ಮೊದಲ್ನೇ ತುಂಡು ಅಳೀದೆ ಎರಡ್ನೇದು ಕೊಯ್ಬೇಡ." ಒಂದು ಚೂರು ಮರವನ್ನು ಅಲಗಿಗೂ ಗೈಡಿಗೂ ನಡುವೆ ಹಿಂದಿನ ತುದಿಯಲ್ಲೊಮ್ಮೆ ಮುಂದಿನ ತುದಿಯಲ್ಲೊಮ್ಮೆ ಇಟ್ಟು ತೋರಿಸಿದೆ. ಹಿಂದಿನ ತುದಿಯಲ್ಲಿ ಬಿಗಿಯಾಗಿತ್ತು, ಅದಕ್ಕೇ ಮರ ಸುಡುತ್ತಿತ್ತು. ಗೈಡನ್ನು ತಟ್ಟಿ ಸರಿಮಾಡಿದೆ. ಅವನು ಗರಗಸ ಶುರು ಮಾಡಿ ಹಲಗೆ ತಳ್ಳಿದ. ಅಂಚು ಬೆಳ್ಳಗೆ ಬಂತು.

"ಅಬ್ಬಾ ಅತ್ತೆ! ಇದನ್ನೆಲ್ಲ ಯಾರತ್ರ ಕಲ್ತ್ರಿ?"

"ಯಾರತ್ರನೂ ಇಲ್ಲ," ಎಂದೆ. "ನಾನೇ ಕಲ್ತೆ."

ಅವನು ನಂಬಿದ. ಅದು ಸುಳ್ಳು ಎಂದು ಹೇಳಬಲ್ಲವರು ಒಬ್ಬರೇ ಇದ್ದರು. ಈಗ ಅವರೂ ಇಲ್ಲ.